ಡ್ರಮ್ಮಿನ ಹಿಂದಿನ ದನಿ

ಬುಧವಾರ, ಮಧ್ಯಾಹ್ನ

ತಮ್ಮನಿಗೆ ಅಣ್ಣನ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮೊಣಕಾಲು ನೋವು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದ ದಿನ ಮಾತ್ರ ತಪ್ಪದೆ ಇರುತ್ತದೆ. ನಿನ್ನ ಮನೆಯಲ್ಲೂ ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ. ಅಂದುಕೊಳ್ಳದೆ ಏನು ಮಾಡಲಿ, ನೀನು ಫೋನೇ ಎತ್ತುತ್ತಿಲ್ಲ.

ಬರೆಯುವುದು ತಡವಾಯಿತು, ತಪ್ಪು ನನ್ನದೇ. ಭಾನುವಾರ ಬೆಳಿಗ್ಗೆಯೇ ಕೂತೆ. ಮೂರು ಹಾಳೆ ಬರೆದು ಮೂರನ್ನೂ ಹರಿದೆ. ಮೂರರಲ್ಲೂ ನಿನ್ನನ್ನು ಬೈದಿದ್ದೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಬರೆದದ್ದೆಂದರೆ ವೈರುಗಳ ತುದಿಗೆ ಅಂಟಿಸುವ ಚೀಟಿ, ಅಷ್ಟೇ. ನಲವತ್ತು ವರ್ಷ ಮೈಕಿನ ಕೆಲಸ ಮಾಡಿಯೂ ಮೈಕಿನಲ್ಲಿ ನಾನು ಆಡಿದ ಮಾತು ‘ಹಲೋ, ಚೆಕ್, ಒನ್ ಟೂ ತ್ರೀ’ ಬಿಟ್ಟರೆ ಬೇರೆ ಇಲ್ಲ. ಆದರೆ ಫೋನಿನಲ್ಲಿ ನಾವಿಬ್ಬರೂ ಕಿರುಚುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪೂರ್ತಿ ಓದು. ಹಾಳೆಯ ಹಿಂದೆಯೂ ಬರೆದಿದ್ದೇನೆ, ತಿರುಗಿಸಿ ನೋಡು.

ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ದೊಡ್ಡ ಹಾಲಿನಲ್ಲಿ ನಿನ್ನ ಮಗಳು ಗುಬ್ಬಿಯ ತಂಡದ ಕಾರ್ಯಕ್ರಮ. ಸೌಂಡು ನನ್ನದು. ಅವಳು ಡ್ರಮ್ಮು ಬಾರಿಸುತ್ತಲೇ ಹಾಡುತ್ತೇನೆ ಎನ್ನುತ್ತಾಳೆ. ಬಾರಿಸಲಿ, ಹಾಡಕೂಡದು ಎನ್ನುವುದು ನಿನ್ನ ಹಟ. ಶನಿವಾರ ಸಂಜೆ ಫೋನಿನಲ್ಲಿ ನೀನು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಅವಳ ಮುಂದೆ ಮೈಕ್ ಇಟ್ಟೆ ಅಂದ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡ. ನಿನಗೊಬ್ಬ ತಮ್ಮ ಇದ್ದ ಅನ್ನೋದನ್ನೇ ಮರೆತುಬಿಡು.” ಇಷ್ಟು ಹೇಳಿ ಇಟ್ಟುಬಿಟ್ಟೆ. ಉತ್ತರ ಕೊಡಲೂ ಬಿಡಲಿಲ್ಲ.

ಅದಕ್ಕೂ ಮೊದಲು ಆ ಗೋದಾಮಿನಲ್ಲಿ ನಡೆದದ್ದು ನಿನಗೆ ಹೇಗೆ ಕಂಡಿತೋ ಗೊತ್ತಿಲ್ಲ, ನನಗೆ ಕಂಡದ್ದನ್ನು ಬರೆಯುತ್ತೇನೆ.

ಟಯರ್ ಅಂಗಡಿಯ ಹಿಂದಿನ ಆ ಗೋದಾಮಿನಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಒಂದು ವೈರಿಗೆ ಟೇಪು ಸುತ್ತುತ್ತಿದ್ದೆ. ನೀನು ಲಿಫ್ಟ್ ರಿಪೇರಿ ಮುಗಿಸಿ ನೇರ ಅಲ್ಲಿಗೇ ಬಂದೆ, ಅಂಗಿಯ ತೋಳಿನಲ್ಲಿ ಇನ್ನೂ ಗ್ರೀಸಿತ್ತು. ಡ್ರಮ್ಮಿನ ಮುಂದೆ ಮೈಕ್ ನೋಡಿದ್ದೇ ನಿನ್ನ ಮುಖ ಕೆಟ್ಟಿತು. ಗಿಟಾರಿನ ಹುಡುಗಿ ಪಾಪ, ಸಮಾಧಾನಕ್ಕೆಂದು, “ಮೀಸೆನೂ ಹಾಡ್ತಾ ಹಾಡ್ತಾನೇ ಬಾರಿಸ್ತಾನಲ್ಲ ಅಂಕಲ್” ಅಂದಳು. ಅದೇ ತಪ್ಪಾಯಿತು.

ಮೀಸೆಯವನ ಹೆಸರೆತ್ತಿದರೆ ನಮ್ಮಿಬ್ಬರಿಗೂ ತಲೆ ಕೆಡುತ್ತದೆ ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅಷ್ಟು ದೊಡ್ಡ ರಾಕ್ ಡ್ರಮ್ಮರ್, ದೇಶದೇಶಗಳಲ್ಲಿ ಹೆಸರು ಮಾಡಿದವನು, ಡ್ರಮ್ಮಿನ ಹಿಂದೆ ಕೂತೇ ಹಾಡುತ್ತಿದ್ದವನು. ನಮ್ಮ ಮಂಚದ ಮೇಲಿನ ಗೋಡೆಗೆ ಅವನ ಪೋಸ್ಟರ್ ಅಂಟಿಸಿದ ದಿನದಿಂದ ಅವನ ಹೆಸರಿನಲ್ಲಿ ನಾವಿಬ್ಬರೂ ಜಗಳವಾಡಿದ್ದೇವೆ. ಅವನಂಥವನು ಇನ್ನೊಬ್ಬನಿಲ್ಲ ಎಂದು ನೀನು. ಅವನು ಡ್ರಮ್ಮರೂ ಅಲ್ಲ, ಹಾಡುಗಾರನೂ ಅಲ್ಲ ಎಂದು ನಾನು. ಅಮ್ಮ ಊಟಕ್ಕೆ ಕರೆದು ಸಾಕಾಗಿ, “ಆ ಮೀಸೆಯವನನ್ನೇ ಕರ್ಕೊಂಡು ಬನ್ನಿ, ಅವನಿಗಾದ್ರೂ ಬಡಿಸ್ತೀನಿ” ಎನ್ನುತ್ತಿದ್ದಳು.

ಆದರೆ ಶನಿವಾರ ನೀನು ಬಾಯಿ ತೆರೆದಾಗ ನನ್ನ ಕೈಯಲ್ಲಿದ್ದ ಟೇಪು ನಿಂತಿತು.

“ಮೀಸೆ ಹಾಡೋವಾಗ ಅವನ ಕೈ ನೋಡಿದೀಯಾ?” ಅಂದೆ ನೀನು. “ಅರ್ಧ ಏಟು ನುಂಗಿಬಿಡ್ತಾನೆ. ಸ್ಟೇಜ್ ಮೇಲೆ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್‌ನ ಕೂರಿಸ್ಕೊಂಡು ಇವನು ಹಾಡೋದು. ದನಿ ನೋಡಿದ್ರೆ ನೂಲಿನ ಎಳೆ. ಮೈಕಲ್ಲಿ ಹಾಡಿಗಿಂತ ಸಿಂಬಲ್ ತಟ್ಟೆ ಸದ್ದೇ ಜಾಸ್ತಿ ಬರುತ್ತೆ. ಹಿಂದೆ ಕೂತವನು ಹಿಂದೇನೇ ಇರ್ಬೇಕು.”

ಒಂದೊಂದು ಮಾತೂ ನನ್ನದು. ಬೆರಳು ಅಲ್ಲಾಡಿಸುವ ರೀತಿಯೂ ನನ್ನದೇ.

ಗುಬ್ಬಿ ದನಿ ಏರಿಸಲಿಲ್ಲ. “ನುಂಗೋ ಏಟೇ ಅವನ ಹಾಡು ಅಪ್ಪಾ,” ಅಂದಳು. “ಮಾತು ಬರೋ ಕಡೆ ಕೋಲನ್ನ ಗಾಳೀಲಿ ಹಿಡೀತಾನೆ. ಆಗ ಜನ ಕಿವಿ ಕೊಡ್ತಾರೆ. ಬೇರೆ ಹಾಡುಗಾರರು ಡ್ರಮ್ಮರ್ ಕಡೆ ನೋಡ್ತಾ ಕಾಯ್ಬೇಕು. ಅವನು ಯಾರಿಗೂ ಕಾಯೋ ಹಾಗಿಲ್ಲ.”

ಇದು ನೀನು ಅವಳ ವಯಸ್ಸಿನಲ್ಲಿ ನನಗೆ ಹೇಳಿದ್ದು. ಅವಳಿಗೆ ಯಾರು ಹೇಳಿಕೊಟ್ಟರು? ನೀನಂತೂ ಅಲ್ಲ. ತಾನೇ ಕೇಳಿ ಕೇಳಿ ಕಂಡುಕೊಂಡಿದ್ದಾಳೆ.

ಆಗ ನೀನು ನನ್ನ ಕಡೆ ತಿರುಗಿದೆ. “ಅಣ್ಣಾ, ನೀನೇ ಹೇಳು ಇವಳಿಗೆ.” ಎಲ್ಲರೂ ನನ್ನನ್ನೇ ನೋಡಿದರು. ನಾನು ಹೇಳಿದ್ದು ಎರಡೇ ಪದ: “ಹಾಡಲಿ ಬಿಡು.”

“ಕ್ಲಬ್ಬಲ್ಲಿ ನಾನು ಹಾಡಿದ ದಿನ ನನಗೇನ್ ಹೇಳಿದ್ದೆ?” ಅಂದೆ ನೀನು. ನಾನು ಮತ್ತೆ ಟೇಪು ಸುತ್ತತೊಡಗಿದೆ. “ಹೇಳಣ್ಣಾ, ಎಲ್ಲರೂ ಕೇಳ್ಲಿ. ಮೈಕ್ ಎಷ್ಟು ಎತ್ತಿದ್ರೂ ನಿನ್ನ ದನಿ ಬರ್ಲಿಲ್ಲ ಕಣೋ, ಅಂದಿದ್ದೆ. ನಮ್ಮನೆ ಗಂಟಲೇ ಅಷ್ಟು. ಇವಳಿಗೂ ಹಾಗೇ ಆಗ್ಲಿ ಅಂತೀಯಾ? ಅಷ್ಟು ಜನರ ಮುಂದೆ ಬಾಯಿಬಿಟ್ಟು ಹಾಡಿ, ಒಬ್ರೂ ತಲೆ ಎತ್ತಿ ನೋಡದೇ ಇರೋದು ಅಂದ್ರೆ ಏನು ಅಂತ ನಿನಗೆ ಗೊತ್ತಾ?”

ನೀನು ಮೈಕಿನ ಸ್ಟ್ಯಾಂಡನ್ನು ಎತ್ತಿ ಗೋಡೆಗೆ ಒರಗಿಸಿದೆ. ಅವಳು ಎದ್ದು ಬಂದು ಮೊದಲಿನ ಜಾಗಕ್ಕೇ ತಂದಿಟ್ಟಳು. ನೀನು ಮತ್ತೆ ಒಯ್ದೆ, ಅವಳು ಮತ್ತೆ ತಂದಳು. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಪ್ಪ ಮಗಳು ಇಬ್ಬರದೂ ಒಂದೇ ಮೂಗು, ಸಿಟ್ಟು ಬಂದರೆ ಒಂದೇ ಥರ ಅರಳುತ್ತದೆ. ಆದರೆ ಅವಳು ಅಂದದ್ದು ಕೇಳಿ ನಗು ಬರಲಿಲ್ಲ. “ನೀನು ಹಾಡಿದ್ದು ನಾನು ಹುಟ್ಟಿದಾಗಿಂದ ಒಂದ್ಸಲಾನೂ ಕೇಳಿಲ್ಲ ಅಪ್ಪಾ. ಕೇಳದೇ ಇರೋ ದನೀನ ಸಣ್ಣದು ಅಂತ ಹೇಗೆ ನಂಬ್ಲಿ?”

ನೀನು ಡ್ರಮ್ಮನ್ನು ಒಂದೊಂದಾಗಿ ಬಿಚ್ಚಿದೆ. ಡ್ರಮ್ಮು ನಿನ್ನದೇ, ಇಲ್ಲ ಎನ್ನುವುದಿಲ್ಲ. ಗಾಡಿಗೆ ತುಂಬಿಕೊಂಡು ಹೊರಟೆ. ಈಗ ಅದು ನಿನ್ನ ಮಂಚದ ಕೆಳಗೆ ಇದೆಯಂತೆ. ನೀನು ಕೋಣೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿರುವುದನ್ನು ನಿನ್ನ ಹೆಂಡತಿ ನಿನ್ನ ಅತ್ತಿಗೆಗೆ ಫೋನಿನಲ್ಲಿ ಹೇಳಿದಳು. ಅವಳ ಮೇಲೆ ಹಾರಾಡಬೇಡ, ಕೇಳಿದ್ದು ನಾವು.

ನೀನು ಹೋದ ಮೇಲೆ ಏನಾಯಿತೆಂದು ಕೇಳು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನಾಲ್ಕು ಹಳೇ ಟಯರ್ ಉರುಳಿಸಿಕೊಂಡು ಬಂದಳು, ಸುತ್ತ ಜೋಡಿಸಿಕೊಂಡಳು, ಒಂದು ಡಬ್ಬದ ಮೇಲೆ ಕೂತಳು. “ದೊಡ್ಡಪ್ಪಾ, ಮೈಕ್ ಆನ್ ಮಾಡಿ” ಅಂದಳು. ಟಯರಿನ ಮೇಲೆ ಎಷ್ಟು ಬಡಿದರೂ ಸದ್ದು ಬರುವುದಿಲ್ಲ. ಕೇಳಿಸಿದ್ದು ಅವಳ ದನಿಯೊಂದೇ.

ಮೊದಲ ಸಲ ಕೆಟ್ಟದಾಗಿತ್ತು. ಎರಡನೇ ಸಾಲಿಗೇ ಉಸಿರು ಸಾಲಲಿಲ್ಲ, ಹಾಡು ಏರಿದ ಹಾಗೆ ಕೈ ಓಡಿತು. ನೇರವಾಗಿಯೇ ಹೇಳಿದೆ, “ಬಸ್ಸು ಹಿಡಿಯೋಕೆ ಓಡೋ ಹಾಗೆ ಹಾಡ್ತಿದೀಯ” ಎಂದು. “ನೀವೊಮ್ಮೆ ಹಾಡಿ ತೋರ್ಸಿ ನೋಡೋಣ” ಅಂದಳು. ಎರಡನೇ ಸಲವೂ ತಪ್ಪಿತು. ಮೂರನೇ ಸಲ ಸರಿಹೋಯಿತು. ಸರಿಹೋಯಿತು ಎಂದರೆ ನಾನು ಟೇಪು ಕೆಳಗಿಟ್ಟೆ. ಕರೆಂಟು ಬಿಲ್ಲಿನ ದುಡ್ಡು ಕೇಳಲು ಬಂದಿದ್ದ ಟಯರ್ ಅಂಗಡಿಯವರು ಬಾಗಿಲಲ್ಲೇ ನಿಂತರು, ಬಂದ ಕೆಲಸ ಮರೆತು ವಾಪಸು ಹೋದರು.

ಅದಕ್ಕೇ ಬರೆಯುತ್ತಿದ್ದೇನೆ. ಮೀಸೆಯವನ ವಿಷಯದಲ್ಲಿ ನಾನು ಸೋತೆ. ಅವಳ ವಯಸ್ಸಿನಲ್ಲಿ ನೀನು ಹೇಳಿದ್ದೇ ಸರಿ. ಒಂದು ಮಾತು ಮಾತ್ರ ಬಿಡುವುದಿಲ್ಲ: ಡ್ರಮ್ಮು ಬಿಟ್ಟು ಎದ್ದು ಮುಂದೆ ಬಂದು ಮೈಕು ಹಿಡಿದ ಮೇಲೆ ಅವನ ಹಾಡೆಲ್ಲ ಸಪ್ಪೆ. ಕೈ ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ, ಮದುವೆ ಫೋಟೋಕ್ಕೆ ನಿಂತವನ ಹಾಗೆ ಇರುತ್ತಿದ್ದ. ಅವನ ದನಿ ಇದ್ದದ್ದು ಕೈಯಲ್ಲಿ ಕೋಲು ಇದ್ದಾಗಲೇ. ನಿನ್ನ ಮಗಳದೂ ಹಾಗೆಯೇ. ಅವಳನ್ನು ಎಬ್ಬಿಸಿ ಮುಂದೆ ನಿಲ್ಲಿಸಿ ಹಾಡು ಎಂದರೆ ಹಾಡಲಾರಳು. ಹಾಡಬೇಡ, ಬರೀ ಬಾರಿಸು ಎಂದರೆ ಇನ್ನೆರಡು ವರ್ಷಕ್ಕೆ ಬಾರಿಸುವುದನ್ನೂ ಬಿಡುತ್ತಾಳೆ. ಬಿಟ್ಟವರನ್ನು ನಾನು ನೋಡಿದ್ದೇನೆ.

ನಿನ್ನ ಅತ್ತಿಗೆ ಮೂರು ದಿನದಿಂದ ನನ್ನ ಸುತ್ತಲೇ ತಿರುಗುತ್ತಿದ್ದಾಳೆ. “ಮಗು ಹಾಡ್ತೀನಿ ಅಂದ್ರೆ ಇಬ್ರು ಮುದುಕರಿಗೆ ಯಾಕ್ರೀ ಹೊಟ್ಟೆನೋವು?” ಎಂದಳು. ನಿನ್ನೆ ತಟ್ಟೆ ಎತ್ತುವಾಗ, “ನೀವು ಏನೋ ನುಂಗ್ಕೊಂಡಿದೀರಿ. ಉಗುಳಿಬಿಡಿ, ಇಲ್ಲಾಂದ್ರೆ ಊಟ ಸೇರಲ್ಲ” ಎಂದಳು. ರೇಗಿದೆ. ಊಟ ಸೇರಲಿಲ್ಲ, ಅದು ಬೇರೆ ಮಾತು.

ನಿನಗೆ ಹೇಳದೆ ಮಾಡುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಭಾನುವಾರ ಅವಳ ಮುಂದೆ ಮೈಕು ಇರುತ್ತದೆ. ನೀನು ಡ್ರಮ್ಮು ಕೊಡದಿದ್ದರೆ ಟಯರುಗಳನ್ನೇ ಸ್ಟೇಜಿಗೆ ಏರಿಸುತ್ತೇನೆ. ನಾನು ಹೇಳಿದರೆ ಮಾಡುವವನು ಎಂದು ನಿನಗೆ ಗೊತ್ತು. ಆದರೆ ಅವಳಿಗೆ ಬೇಕಾದದ್ದು ನಿನ್ನ ಡ್ರಮ್ಮು, ಮತ್ತು ಅದನ್ನು ನೀನೇ ತಂದು ಜೋಡಿಸಿಕೊಡುವುದು. ಬಾಯಿಬಿಟ್ಟು ಹೇಳಲಿಲ್ಲ. ಬಾಯಿಬಿಟ್ಟು ಕೇಳುವ ಜಾತಿ ಅಲ್ಲವಲ್ಲ ಅವಳು, ನಮ್ಮವಳು.

ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ಹೇಳು. ಗುಬ್ಬಿಗೆ ಬೇರೆ ಹೇಳಬೇಕಿಲ್ಲ, ದಿನಾ ಸಿಗುತ್ತಾಳೆ. ನೀನು ಬೆನ್ನು ನೋವಿಗೆ ಪಟ್ಟಿ ಕಟ್ಟಿಕೊಂಡೇ ಲಿಫ್ಟಿನ ಗುಂಡಿಗೆ ಇಳಿ, ಉಡಾಫೆ ಮಾಡಬೇಡ. ಎಲ್ಲರೂ ಚೆನ್ನಾಗಿರಿ.

ಇತಿ,
ನಿನ್ನ ಅಣ್ಣ

ತಾ.ಕ.: ಇದು ಮರೆತುಹೋಗಿ ಕೆಳಗೆ ಬರೆಯುತ್ತಿರುವುದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಮೂವತ್ತು ವರ್ಷದ ಹಿಂದೆ ಕಾರ್ಖಾನೆಯ ಕ್ಲಬ್ಬಿನಲ್ಲಿ ನೀನು ಬಾರಿಸುತ್ತ ಹಾಡಿದ ದಿನ, ಎಷ್ಟು ಎತ್ತಿದರೂ ನಿನ್ನ ದನಿ ಬರಲಿಲ್ಲ ಎಂದೆನಲ್ಲ. ನಾನು ಎತ್ತಲೇ ಇಲ್ಲ.

ಮೊದಲ ಸಾಲಿಗೆ ನಿನ್ನ ಮೈಕಿನಲ್ಲಿ ಸಿಂಬಲ್ ಸದ್ದು ಕಿವಿಗೆ ಹೊಡೆಯಿತು, ಅದಕ್ಕೆ ಇಳಿಸಿದೆ. ಅದು ಕೆಲಸ, ಯಾರಿದ್ದರೂ ಇಳಿಸುತ್ತಿದ್ದರು. ಸರಿಮಾಡಿ ಮತ್ತೆ ಏರಿಸಬೇಕಿತ್ತು. ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರಿನಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಹಾಲಿಗೆ ಹೋಗದ ಮೈಕಿನ ದನಿಯೂ ನನ್ನ ಹೆಡ್‌ಫೋನಿಗೆ ಮಾತ್ರ ಬರುತ್ತದೆ. ಒತ್ತಿ ಕೇಳಿದೆ. ನೀನು ಚೆನ್ನಾಗಿ ಹಾಡುತ್ತಿದ್ದೆ. ಚೆನ್ನಾಗಿ ಎಂದರೆ, ನಾನು ಅಲ್ಲಿಯವರೆಗೆ ಕೇಳಿದ ಯಾರಿಗಿಂತಲೂ. ಅವತ್ತು ಬೆಳಿಗ್ಗೆಯಷ್ಟೇ ತಂಡದವರೆಲ್ಲರ ಎದುರು ಮೀಸೆಯವನ ಹೆಸರಿನಲ್ಲಿ ಜಗಳವಾಡಿದ್ದೆವು. ಡ್ರಮ್ಮಿನ ಹಿಂದೆ ಕೂತವನು ಹಾಡಿ ಗೆದ್ದರೆ ನಾನು ಈ ಕೆಲಸವನ್ನೇ ಬಿಡುತ್ತೇನೆ ಎಂದಿದ್ದೆ. ಏರಿಸಿದರೆ ನಾನು ಸೋತ ಹಾಗೆ. ಇನ್ನೊಂದು ಸಾಲು ಕಳೆಯಲಿ ಎಂದುಕೊಂಡೆ, ಆಮೇಲೆ ಇನ್ನೊಂದು. ಹಾಡು ಮುಗಿದೇ ಹೋಯಿತು. ಅಷ್ಟು ಜನ ತುಂಬಿದ ಹಾಲಿನಲ್ಲಿ ಆ ಹಾಡನ್ನು ಕೇಳಿದವನು ನಾನೊಬ್ಬನೇ.

ನೀನು ಬಂದು “ಹೇಗಿತ್ತಣ್ಣಾ” ಎಂದು ಕೇಳಿದಾಗ ಆ ಸುಳ್ಳು ಹೇಳಿದೆ. ವಾರ ಬಿಟ್ಟು ನಿಜ ಹೇಳೋಣ ಎಂದುಕೊಂಡೆ. ನೀನು ಹಾಡುವುದನ್ನೇ ನಿಲ್ಲಿಸುತ್ತೀಯ ಎಂದು ನನಗೇನು ಗೊತ್ತು. ಗುಬ್ಬಿ ಹುಟ್ಟಿದಾಗ ನೀನು ತೊಟ್ಟಿಲ ಅಂಚಿಗೆ ಬೆರಳು ಬಡಿಯುತ್ತ ಅವಳನ್ನು ಮಲಗಿಸುತ್ತಿದ್ದೆ, ಬಾಯಿ ಮಾತ್ರ ತೆರೆಯಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ.

ನಮ್ಮನೆ ಗಂಟಲಿಗೆ ಏನೂ ಆಗಿಲ್ಲ. ಇಷ್ಟು ನಿನಗೆ ಗೊತ್ತಾಗಬೇಕು, ಅವಳಿಗೆ ನೀನೇ ಹೇಳಬೇಕು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಗೀಚಿರುವುದು ಕಾಣುತ್ತದೆ. ಮೆಟ್ಟಿಲು ಹತ್ತಬೇಡ ಎಂದೆ, ಹತ್ತುವುದಿಲ್ಲ. ಆದರೆ ಭಾನುವಾರ ನೀನು ಡ್ರಮ್ಮು ತೆಗೆದುಕೊಂಡು ಹಾಲಿಗೆ ಬಾ. ನನಗೆ ಹೊಡೆಯುವುದಿದ್ದರೆ ಅವಳ ಹಾಡು ಮುಗಿದ ಮೇಲೆ ಹೊಡೆ. ಅಲ್ಲಿಯ ತನಕ ನನ್ನ ಕೈಗೆ ಕೆಲಸವಿದೆ.