ಫಾರಂನಲ್ಲಿ ಬರೆದ ‘ಇಲ್ಲ’

ಮಗನೇ ಸೆರೆಮಾಯಾ, ಎಡಗಣ್ಣೊಂದರಲ್ಲೇ ಓದಲು ಆಗಲಿ ಅಂತ ದೊಡ್ಡದಾಗಿ ಬರೆದಿದ್ದೇನೆ.

ಮರಗೆಣಸು ಬೆಂದಿದೆ, ತಿಂದು ಮಾತ್ರೆ ನುಂಗು. ಕನ್ನಡಕ ಬಿಡಿಸಲು ಕಣ್ಣಿಗೆ ಲೇಸರ್ ಮಾಡಿದವರು ಕೊಟ್ಟ ಹಳೇ ಹನಿ ಮುಟ್ಟಿದರೆ ಜೋಕೆ. ಅದರಿಂದಲೇ ಬಲಗಣ್ಣಿನ ಹುಣ್ಣು ಹೆಚ್ಚಿತಂತೆ. ರಗ್ಬಿ ಕೋಚ್ ಬಂದರೆ ಬಾಗಿಲು ತೆಗೆಯಬೇಡ, ಅವರಿಗಿನ್ನೂ ಏನೂ ಗೊತ್ತಿಲ್ಲ.

“ಮುಖದ ಗುಳ್ಳೆ ವಿಷಯ ಯಾಕಪ್ಪಾ ಮುಚ್ಚಿಟ್ಟೆ? ಆ ಹರ್ಪಿಸ್ ವೈರಸ್ ಒಳಗೇ ಮಲಗಿತ್ತು, ಲೇಸರ್ ಎಬ್ಬಿಸ್ತು,” ಅಂತ ನಿನ್ನೆ ಡಾಕ್ಟರ್ ನಿನ್ನನ್ನು ಬೈದರು. ಆದರೆ ಲೇಸರ್‌ಗೆ ಮುಂಚೆ ಫಾರಂ ತುಂಬಿದವಳು ನಾನು. ರಗ್ಬಿ ಸ್ಕ್ರಮ್‌ನ ತಳ್ಳಾಟದಲ್ಲಿ ಕೆನ್ನೆಗೆ ಕೆನ್ನೆ ಉಜ್ಜಿ ಅಂಟಿದ ಗುಳ್ಳೆಗೆ ಪೌಡರ್ ಬಳಿದು, ತಂಡದಿಂದ ನಿನ್ನನ್ನು ತೆಗೆದಾರೆಂದು ಪ್ರತಿ ಪಂದ್ಯಕ್ಕೂ ಕೋಚ್‌ಗೆ “ಏನೂ ಇಲ್ಲ” ಅಂದು ನನಗೆ ರೂಢಿಯಾಗಿತ್ತು. ಫಾರಂನಲ್ಲಿ ಗುಳ್ಳೆ ಬಂದಿತ್ತೇ ಅಂತ ಕೇಳಿದ ಕಡೆಯೂ ಹಾಗೇ “ಇಲ್ಲ” ಅಂತ ಬರೆದೆ.

ಸುವಾ ಪಟ್ಟಣದ ಆಸ್ಪತ್ರೆಗೆ ಅಂತ ಬಸ್ಸಿಗೆ ಹೊರಟೆ. ಕಣ್ಣು ಹೋಗುತ್ತಿದ್ದರೂ ನೀನು ನನ್ನ ಹೆಸರು ಹೇಳಲಿಲ್ಲ. ಡಾಕ್ಟರ್‌ಗೆ ನಾನೇ ಹೇಳಿ ಬರುತ್ತೇನೆ.

ಅಮ್ಮ