ರಂಭಾಳ ಗದ್ದುಗೆಯ ಬಿಲ್ವಪತ್ರಿ

ಫಸಲಿ ಸನ್ ೧೩೩೧, ಶ್ರಾವಣದ ಎರಡನೆಯ ಸೋಮವಾರ. ಕಾಸಾರಶಿರಸಿ.

ಉದಗೀರಕ್ಕೆ ಶಕುಂತಲೆಗೆ ಕಾಗದ ಬರೆಯಲು ಕೂತು ಎರಡು ಹಾಳೆ ಹರಿದೆ. ಹೋದ ಸೋಮವಾರ ಅವಳು ತನ್ನ ಅವ್ವನ, ಅಂದರೆ ತೀರಿಹೋದ ನನ್ನ ತಂಗಿ ರಂಭಾಳ ಹೊಲದಲ್ಲಿನ ಗದ್ದುಗೆಗೆ ಬಿಲ್ವಪತ್ರಿ ಏರಿಸಲು ಬಂದಿದ್ದಳು. ರೇವಣಸಿದ್ಧ ಬದುವಿನಿಂದಲೇ ಹಿಂದಕ್ಕೆ ಕಳಿಸಿದ. ಹೊಲ ಈಗ ಅವನದು. ರಂಭಾಳ ಗಂಡ ಮನ್ಮಥಪ್ಪ ಅದನ್ನು ಮಾರುವಾಗ ಹೆಂಡತಿಯನ್ನು ಅಲ್ಲೇ ಮಣ್ಣು ಮಾಡಿದ್ದನ್ನೂ ನೆನೆಯಲಿಲ್ಲ.

ಇಂದು ನಾನೇ ಹೋಗಿ ಕೈ ಮುಗಿದೆ. “ಆ ಹುಡುಗಿ ನಿನಗೇನು ಮಾಡ್ಯಾಳಪ್ಪಾ?”

“ಏನೂ ಮಾಡಿಲ್ರೀ ಕಲ್ಯಾಣಪ್ಪಣ್ಣ. ಇಪ್ಪತ್ತು ವರ್ಷದ ಹಿಂದ ನಿಮ್ಮ ತಂಗೀನ್ನ ಕೇಳ್ಲಿಕ್ಕಿ ಬಂದಾಗ ನಾನೂ ಹಿಂಗೇ ಕೈ ಮುಗಿದು ನಿಂತಿದ್ದೆ. ಹೊಸ್ತಿಲಾ ದಾಟ್ಲಿಕ್ಕಿ ಬಿಟ್ರೇನು ನೀವು?”

ಬಿಟ್ಟಿರಲಿಲ್ಲ. ಅಂದು ಒಳಗೆ ರಂಭಾ ಅಳುತ್ತಿದ್ದುದೂ ಕೇಳಿಸಿತ್ತು.

ತಿರುಗುವಾಗ ಗದ್ದುಗೆ ಕಂಡಿತು. ಸಾರಿಸಿದ ನೆಲ, ಹೊಸ ವಿಭೂತಿ, ಇನ್ನೂ ಬಾಡದ ಪತ್ರಿ. ಪಕ್ಕದಲ್ಲೇ ಒಬ್ಬರನ್ನು ಕೂಡಿಸಿ ಮಣ್ಣು ಮಾಡುವಷ್ಟು ಜಾಗಕ್ಕೆ ರೇವಣಸಿದ್ಧ ನಾಲ್ಕು ಕಲ್ಲು ನೆಟ್ಟಿದ್ದಾನೆ.

ಹಾಳೆ ಹರಿದು ಸಾಕಾಗಿದೆ. ನಿನ್ನ ಅವ್ವನಿಗೆ ಪತ್ರಿ ತಪ್ಪಿಲ್ಲ ಮಗಳೇ ಎಂದಷ್ಟೇ ಬರೆಯಬಹುದು. ಏರಿಸಿದವರು ಯಾರು ಮಾಮಾ ಎಂದು ಅವಳು ಕೇಳಿದರೆ ನಾನು ರೇವಣಸಿದ್ಧನ ಹೆಸರನ್ನು ಹೇಗೆ ಬರೆಯಲಿ?