ಮರುಕೂಗಿಲ್ಲದ ಚರಗ

ನಮ್ಮ ಬಡಾವಣೆಯಂಚಿನ ಕಾಡಿನ ಉಸ್ತುವಾರಿ ಹೊತ್ತ ಮಾನ್ಯರೇ,

ಅನುಮತಿಯಿಲ್ಲದೆ ಡೇರೆ ಹಾಕಿದ್ದಕ್ಕೂ ನೆಲದ ಮೇಲೆ ಅನ್ನ ಚೆಲ್ಲಿದ್ದಕ್ಕೂ ಇನ್ನು ಮುಂದೆ ನಾನು ನಿಮ್ಮ ಕಾಡಿನಲ್ಲಿ ತಂಗಕೂಡದೆಂದು ತಾವು ಅಪ್ಪಣೆ ಕಳಿಸಿದ್ದೀರಿ. ಎರಡೂ ನಾನೇ ಮಾಡಿದ್ದು, ತಕರಾರಿಲ್ಲ. ಆದರೆ ಚೆಲ್ಲಿದ್ದನ್ನು ತಾವು ಕಸ ಎಂದಿರಲ್ಲ, ಅದಕ್ಕಾಗಿ ಈ ಬಹಿರಂಗ ಪತ್ರವನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ. ಆ ಕಸವನ್ನು ರಾತ್ರೋರಾತ್ರಿ ತಿಂದು ಮುಗಿಸಿದ ನರಿಗಳ ಮೇಲೂ ತಾವು ಸೂಕ್ತ ಕ್ರಮ ಕೈಗೊಂಡಿರಬಹುದು.

ನಾನು ಕಲಬುರಗಿ ಕಡೆಯವನು, ಈಗ ಇಂಗ್ಲಿಷರ ನಾಡಿನಲ್ಲಿ, ಕ್ರೋಯ್ಡನ್ನಿನ ಫ್ಲ್ಯಾಟೊಂದರಲ್ಲಿದ್ದೇನೆ. ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಭೂಮಿತಾಯಿಗೆ ಎಡೆ ಹಿಡಿದು, ಸಜ್ಜೆ ಕಡುಬು, ಕಾಳು-ತರಕಾರಿ ಬೇಯಿಸಿದ ಭಜ್ಜಿಯನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಮುಂದೆ ಚೆಲ್ಲುವವರು ‘ಹುಲ್ಲುಲ್ಲಿಗ್ಯೋ’ ಎಂದು ಕೂಗಬೇಕು, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುವವರು ‘ಚಲ್ಲಂಬರಿಗ್ಯೋ’ ಎಂದು ಓಗೊಡಬೇಕು. ಫ್ಲ್ಯಾಟಿಗೆ ಹೊಲ ಎಲ್ಲಿಂದ ಬರಬೇಕು? ಹೀಗಾಗಿ ನಾನೂ ನನ್ನ ಹೆಂಡತಿ ಚನ್ನಬಸವ್ವನೂ ಪ್ರತಿ ವರ್ಷ ಹಿಂದಿನ ದಿನವೇ ನಿಮ್ಮ ಕಾಡಿನ ಬಯಲಲ್ಲಿ ಡೇರೆ ಹಾಕುತ್ತಿದ್ದೆವು. ಡೇರೆಯೇ ನಮ್ಮ ಕೊಂಪೆ. ಮೊದಲ ಸಲ ನಾನು ಹಿಂಜರಿದಾಗ ಅವಳು, “ಹೊಲ ಯಾರ್ದರೆ ಇರ್ಲಿರಿ, ಭೂಮಿತಾಯಿ ಒಬ್ಬಾಕಿನೇ ಹೌದಲ್ರಿ?” ಅಂದಿದ್ದಳು. ತಮ್ಮ ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆಯೇ? ಅಷ್ಟು ವರ್ಷ ನಾವು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಹೊರಡುವಾಗ ಅವಳು ಒಂದು ಕಾಗದದ ಚೂರನ್ನೂ ಬಿಟ್ಟು ಬರುತ್ತಿರಲಿಲ್ಲ.

ಈ ಸಲ ಅವಳಿಲ್ಲ. ಬೇಸಿಗೆಯಲ್ಲಿ ತೀರಿಕೊಂಡಳು. ಹತ್ತಿರದ ಟೂಟಿಂಗಿನ ಹೋಟೆಲಿನಲ್ಲೇ ಹಬ್ಬದೂಟ ಮುಗಿಸೋಣ ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕೇಳಲಿಲ್ಲ, ಹಿಂದಿನ ದಿನವೇ ಒಬ್ಬನೇ ಹೋಗಿ ಡೇರೆ ಹಾಕಿದೆ. ಹಬ್ಬದ ಮಧ್ಯಾಹ್ನ ಚರಗ ಚೆಲ್ಲುತ್ತ ಕೂಗಿದೆ, ನಿಂತೆ, ಮತ್ತೆ ಕೂಗಿದೆ. ನನ್ನ ಹಿಂದೆ ತಂಬಿಗೆ ಹಿಡಿದು ಯಾರೂ ಬರುತ್ತಿರಲಿಲ್ಲ. ಅಷ್ಟು ಒಂಟಿತನ ಅವಳನ್ನು ಮಣ್ಣು ಮಾಡಿದ ದಿನವೂ ನನ್ನನ್ನು ಕಾಡಿರಲಿಲ್ಲ.

ಆಗ ಬಂದವನು ನಿಮ್ಮ ಕಾವಲುಗಾರ. ಯಾರನ್ನು ಕರೆಯುತ್ತಿದ್ದೀರಿ ಎಂದು ಕೇಳಿದ. ಓಗೊಡಬೇಕಾದವಳು ನನ್ನ ಹೆಂಡತಿ ಎಂದೆ. ಅವಳು ದಾರಿ ತಪ್ಪಿದ್ದಾಳೆಂದು ತಿಳಿದ ಪುಣ್ಯಾತ್ಮ ಹೆಸರು ಕೇಳಿಕೊಂಡು, ಪೊದೆಪೊದೆಯಲ್ಲೂ ಇಣುಕುತ್ತ, “ಚನ್ನಾ, ಚನ್ನಾ” ಎಂದು ಕೂಗತೊಡಗಿದ. ತಡೆಯಬೇಕಿತ್ತು, ತಡೆಯಲಿಲ್ಲ. ಇನ್ನೊಬ್ಬರ ಬಾಯಲ್ಲಿ ಅವಳ ಹೆಸರು ಕೇಳಿ ಎಷ್ಟು ತಿಂಗಳಾಗಿತ್ತೋ. ಕೊನೆಗೆ ನಿಜ ಹೇಳಿದೆ. ಅವನು ಟೋಪಿ ತೆಗೆದ. ಆಮೇಲೆ, ಎಷ್ಟಾದರೂ ತಮ್ಮ ನೌಕರನಲ್ಲವೇ, ವರದಿ ಬರೆದುಕೊಂಡ.

ಮಾನ್ಯರೇ, ಆ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಮುಂದಿನ ಎಳ್ಳ ಅಮಾವಾಸ್ಯೆಗೆ ಅದೇ ಬಯಲಲ್ಲಿ ಒಂದು ರಾತ್ರಿ ತಂಗಲು ಅನುಮತಿ ಕೊಡಿ. ಬೆಂಕಿ ಹಚ್ಚುವುದಿಲ್ಲ, ಕಾಗದದ ಚೂರು ಬಿಡುವುದಿಲ್ಲ. ನನ್ನ ಮೇಲೆ ಕಣ್ಣಿಡಲು ಯಾರನ್ನಾದರೂ ಕಳಿಸಲೇಬೇಕೆಂದರೆ ಆ ಕಾವಲುಗಾರನನ್ನೇ ಕಳಿಸಿ. ತಂಬಿಗೆ ನಾನು ತರುತ್ತೇನೆ. ಅವನು ಕಲಿಯಬೇಕಾದದ್ದು ಒಂದೇ ಮಾತು.

ಇಂತಿ,
ಕೂಗಿ, ಇನ್ನೂ ಕಿವಿಗೊಟ್ಟು ನಿಂತಿರುವ
ಬಸವಂತಪ್ಪ
ಕ್ರೋಯ್ಡನ್